ಊರಿನ ಹೆಸರಿನ ಫಂಕ್ ಹಾಡುಗಳು: ಬೇಸ್ ಹಿಡಿದು ನಾನು ಕಲಿತದ್ದು

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವದ ಸೀಸನ್ನಿನಲ್ಲಿ ಆರ್ಕೆಸ್ಟ್ರಾ. ಉಳಿದ ದಿನಗಳಲ್ಲಿ ಗೆಳೆಯರ ಜೊತೆ ಒಂದು ಸಣ್ಣ ಬ್ಯಾಂಡ್. ಫಂಕ್, ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ, ಬೇಸ್ ಮತ್ತು ಡ್ರಮ್ಸ್ ಮುಂದಿರುವ ಕುಣಿತದ ಸಂಗೀತ, ನುಡಿಸೋಣ ಅಂತ ಕೂತಾಗ ಎಲ್ಲಿಂದ ಶುರು ಮಾಡುವುದು ಅನ್ನೋದೇ ತಲೆನೋವಾಯಿತು. ಹಾಡುಗಳು ಅಷ್ಟೊಂದಿವೆ. ಕೊನೆಗೆ ನಾವೇ ಒಂದು ನಿಯಮ ಮಾಡಿಕೊಂಡೆವು: ಹೆಸರಿನಲ್ಲಿ ಊರೋ, ಬೀದಿಯೋ, ಯಾವುದಾದರೂ ಜಾಗವೋ ಇರುವ ಹಾಡು ಮಾತ್ರ. ತಮಾಷೆಗೆ ಮಾಡಿದ ನಿಯಮ ಅದು. ಆದರೆ ಫಂಕ್ ನನ್ನ ಕೈಗೆ ಹತ್ತಿದ್ದು ಅದರಿಂದಲೇ. ಈ ಹಾಡುಗಳಲ್ಲಿ ಊರು ಸಾಹಿತ್ಯಕ್ಕಿಂತ ಜಾಸ್ತಿ ತಾಳದಲ್ಲಿ ಕೂತಿರುತ್ತದೆ. ಒಂದೊಂದು ಊರಿನವರು ಪೆಟ್ಟು ಹಾಕುವ ರೀತಿಯೇ ಬೇರೆ.

ಮೊದಲು ಹಿಡಿದದ್ದು ‘ಮೆಂಫಿಸ್ ಸೋಲ್ ಸ್ಟ್ಯೂ’. ಮೆಂಫಿಸ್ ಅಮೆರಿಕದ ಒಂದು ಊರು, ಸ್ಟ್ಯೂ ಅಂದರೆ ಸಾರಿನಂಥ ಅಡುಗೆ. 1967ರದ್ದು, ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಕಿಂಗ್ ಕರ್ಟಿಸ್ ಅವರದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಾಡೇ ಒಂದು ಅಡುಗೆ. ಕರ್ಟಿಸ್ ಒಂದೊಂದೇ ಸಾಮಾನು ಹೇಳುತ್ತಾ ಹೋಗುತ್ತಾರೆ: ಅರ್ಧ ಟೀ ಕಪ್ ಬೇಸ್, ಒಂದು ಪೌಂಡ್ ಡ್ರಮ್ಸ್, ನಾಲ್ಕು ಚಮಚ ಗಿಟಾರ್, ಒಂದು ಚಿಟಿಕೆ ಆರ್ಗನ್, ಅರ್ಧ ಪಿಂಟ್ ಹಾರ್ನ್ (ಟ್ರಂಪೆಟ್, ಸ್ಯಾಕ್ಸೊಫೋನಿನಂಥ ಊದುವ ವಾದ್ಯ). ಹೇಳಿದಂತೆ ಆ ವಾದ್ಯ ಒಳಗೆ ಬರುತ್ತದೆ. ಬೇಸ್ ಮೊದಲು ಬರುವುದರಿಂದ ನಮಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅದೇ ಅದರ ಲಾಭ. ಒಬ್ಬನೇ ನುಡಿಸುವಾಗಲೂ ಕೇಳುವವರ ಕಾಲು ಕುಣಿಯಬೇಕು. ಮೆಂಫಿಸ್‌ನವರು ಎರಡನೇ ಮತ್ತು ನಾಲ್ಕನೇ ಪೆಟ್ಟನ್ನು ಕೂದಲೆಳೆಯಷ್ಟು ತಡ ಮಾಡಿ ಹಾಕುತ್ತಾರೆ. ಆರ್ಕೆಸ್ಟ್ರಾದಲ್ಲಿ ಮುಂದೆ ಮುಂದೆ ಓಡುವುದು ರೂಢಿಯಾದ ನನಗೆ ಆ ತಾಳ್ಮೆ ಬರಲು ಬಹಳ ದಿನ ಹಿಡಿಯಿತು. ನಮ್ಮ ಗಿಟಾರಿಸ್ಟ್ ವೇದಿಕೆಯಲ್ಲಿ ಸಾಮಾನಿನ ಪಟ್ಟಿಯನ್ನು ಕನ್ನಡದಲ್ಲೇ ಹೇಳುತ್ತಾನೆ. “ಅರ್ಧ ಲೋಟ ಬೇಸ್, ಒಂದು ಸೇರು ಡ್ರಮ್ಸ್” ಅಂದ ಕೂಡಲೇ ಜನ ನಗುತ್ತಾರೆ, ಆಮೇಲೆ ಚಪ್ಪಾಳೆಯಲ್ಲಿ ತಾಳ ಹಿಡಿಯುತ್ತಾರೆ.

ಆಮೇಲೆ ಓಕ್‌ಲೆಂಡ್. ಅಲ್ಲಿ ಬಹಳ ಕಾಲ ಸಿಕ್ಕಿಹಾಕಿಕೊಂಡೆ.

ಟವರ್ ಆಫ್ ಪವರ್ ಬ್ಯಾಂಡ್ 1968ರಲ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ. 1974ರ ಅವರ ‘ಬ್ಯಾಕ್ ಟು ಓಕ್‌ಲೆಂಡ್’ ಆಲ್ಬಮ್ ಶುರುವಾಗುವುದೂ ಮುಗಿಯುವುದೂ ‘ಓಕ್‌ಲೆಂಡ್ ಸ್ಟ್ರೋಕ್’ನಿಂದ. ಎರಡು ಕಡೆಯೂ ಹೆಚ್ಚು ಕಡಿಮೆ ಒಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಷ್ಟೇನಾ ಅಂತ ಅನ್ನಿಸಬಹುದು. ಬೇಸ್ ಹಿಡಿದು ಕೂತರೆ ಗೊತ್ತಾಗುತ್ತದೆ. ಬೇಸ್ ನುಡಿಸಿದ್ದು ರಾಕೊ ಪ್ರೆಸ್ಟಿಯಾ, ಡ್ರಮ್ಸ್ ಡೇವಿಡ್ ಗ್ಯಾರಿಬಾಲ್ಡಿ. ಒಂದೊಂದು ಪೆಟ್ಟನ್ನು ನಾಲ್ಕು ಪಾಲು ಮಾಡಿ, ನಾಲ್ಕನ್ನೂ ಬಲಗೈಯ ಎರಡು ಬೆರಳಿನಿಂದ ಒಂದಾದ ಮೇಲೊಂದರಂತೆ ಮೀಟುತ್ತಲೇ ಇರಬೇಕು. ಆದರೆ ಎಲ್ಲವೂ ಸ್ವರವಾಗಿ ಕೇಳಬಾರದು. ಅರ್ಧಕ್ಕರ್ಧ ‘ಟಕ್’ ಅನ್ನುವ ಸತ್ತ ಸದ್ದು. ಯಾವುದು ಸ್ವರ, ಯಾವುದು ಟಕ್ ಅಂತ ತೀರ್ಮಾನ ಮಾಡೋದು ಎಡಗೈ. ತೋರುಬೆರಳು ತಂತಿಯನ್ನು ಒತ್ತುತ್ತದೆ. ಉಳಿದ ಬೆರಳುಗಳು ಒತ್ತದೆ, ತಂತಿಗಳ ಮೇಲೆ ಸುಮ್ನೆ ಮಲಗಿರುತ್ತವೆ. ತೋರುಬೆರಳನ್ನು ಕೊಂಚ ಸಡಿಲಿಸಿದರೆ ಸಾಕು, ಸ್ವರ ಸಾಯುತ್ತದೆ. ಆದರೆ ಬೆರಳು ತಂತಿ ಬಿಟ್ಟು ಮೇಲೆ ಬರಬಾರದು.

ನಾನು ಮಾಡಿದ್ದು ಹೀಗೆ. ತಾಳ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟೆ. ಬಾಯಲ್ಲಿ ತಕಧಿಮಿ. ಮೊದಲು ‘ತ’ ಮಾತ್ರ ಸ್ವರ, ಉಳಿದ ಮೂರು ಟಕ್. ಆಮೇಲೆ ‘ಕ’ ಮಾತ್ರ. ಹೀಗೆ ನಾಲ್ಕೂ. ‘ಮಿ’ ಮೇಲೆ ಸ್ವರ ಬಂದಾಗ ಕೈ ಸೋಲುತ್ತದೆ, ಅಲ್ಲೇ ಜಾಸ್ತಿ ಹೊತ್ತು ಕೂರಬೇಕು. ಎಲ್ಲ ಸರಾಗವಾದ ಮೇಲಷ್ಟೇ ವೇಗ ಏರಿಸಿದೆ. ಮುಂಗೈ ನೋವು ಶುರುವಾದರೆ ಒತ್ತು ಜಾಸ್ತಿಯಾಗಿದೆ ಅಂತ ಅರ್ಥ, ನಿಲ್ಲಿಸಿಬಿಡಿ. ನಮ್ಮ ಡ್ರಮ್ಮರ್ ಚಿಕ್ಕವನಿದ್ದಾಗ ಮೃದಂಗ ಕಲಿತವನು. ಗ್ಯಾರಿಬಾಲ್ಡಿಯ ಸ್ನೇರ್ ಪೆಟ್ಟು ಎಲ್ಲರ ಹಾಗೆ ಎರಡು, ನಾಲ್ಕರ ಮೇಲೆ ಬೀಳುವುದಿಲ್ಲ, ಜಾಗ ಬದಲಿಸುತ್ತಲೇ ಇರುತ್ತದೆ. ಇವನಿಗೆ ಅದು ಅಂಥ ಕಷ್ಟ ಅನ್ನಿಸಲಿಲ್ಲ. “ನಮ್ಮಲ್ಲಿ ಇದೇ ತಾನೆ ಮಾಡೋದು” ಅಂದ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ವಾಷಿಂಗ್ಟನ್ ಊರಿನ ಎರಡು ಹಾಡು ಕಲಿತೆವು, ಎರಡೂ 1975ರವು. ‘ರಾಕ್ ಕ್ರೀಕ್ ಪಾರ್ಕ್’ ಬ್ಲ್ಯಾಕ್‌ಬರ್ಡ್ಸ್ ಅವರದು. ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಹಾವರ್ಡ್ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳನ್ನು ಸೇರಿಸಿ ಕಟ್ಟಿದ ಗುಂಪು ಅದು. ಪಾರ್ಕು ನಿಜವಾಗಿಯೂ ಆ ಊರಿನಲ್ಲಿದೆ, 1890ರಲ್ಲಿ ಆದದ್ದು. ಹಾಡಿನ ಸಾಹಿತ್ಯ ಅಂದರೆ ಕತ್ತಲಾದ ಮೇಲೆ ಆ ಪಾರ್ಕಿನಲ್ಲಿ ಸುತ್ತುವ ಬಗ್ಗೆ ಎರಡು ಮೂರು ಸಾಲು, ಅದನ್ನೇ ತಿರುಗಾ ಮುರುಗಾ. ನಮ್ಮ ಕೀಬೋರ್ಡಿನವನು ಕೇಳಿಯೇಬಿಟ್ಟ: “ಇದರಲ್ಲಿ ಹಾಡೆಲ್ಲಿದೆ ಗುರು?” ಹಾಡು ಬೇಸ್‌ನಲ್ಲಿದೆ. ಒಂದೇ ಸಾಲನ್ನು ಬದಲಿಸದೆ, ಬೇಜಾರಾಗದಂತೆ ನುಡಿಸುವುದು ಕಷ್ಟದ ಕೆಲಸ. ನಡುವೆ ಒಂದು ಸಂಗತಿ ಸೇರಿಸೋಣ ಅಂತ ಕೈ ತುರಿಸುತ್ತದೆ. ಸೇರಿಸಿದರೆ ಕುಣಿಯುವವರು ನಿಲ್ಲುತ್ತಾರೆ.

ಪಾರ್ಲಮೆಂಟ್ ಬ್ಯಾಂಡಿನ ‘ಚಾಕೊಲೇಟ್ ಸಿಟಿ’ಯಲ್ಲಿ ಮಾತ್ರ ಮಾತೇ ಮುಖ್ಯ. ಜಾರ್ಜ್ ಕ್ಲಿಂಟನ್ ಅದನ್ನು ಹಾಡುವುದಿಲ್ಲ, ಹರಟೆ ಹೊಡೆಯುತ್ತಾರೆ. ಆಗ ವಾಷಿಂಗ್ಟನ್ನಿನ ಜನರಲ್ಲಿ ನೂರಕ್ಕೆ 70 ಮಂದಿ ಕಪ್ಪು ಜನ. ಹಾಗಾಗಿ ಆ ಹೆಸರು. ವೈಟ್ ಹೌಸಿನಲ್ಲಿ ಮುಹಮ್ಮದ್ ಅಲಿ ಅಧ್ಯಕ್ಷ, ಅರೀತಾ ಫ್ರಾಂಕ್ಲಿನ್ ಪ್ರಥಮ ಮಹಿಳೆ, ಹಾಸ್ಯಗಾರ ರಿಚರ್ಡ್ ಪ್ರಯರ್ ಶಿಕ್ಷಣ ಮಂತ್ರಿ ಅಂತ ಸಂಪುಟ ಕಟ್ಟುತ್ತಾ ಹೋಗುತ್ತಾರೆ. ಕೆಳಗೆ ಬೂಟ್ಸಿ ಕಾಲಿನ್ಸ್ ಬೇಸ್. ಬೂಟ್ಸಿ ಜೇಮ್ಸ್ ಬ್ರೌನ್ ಅವರ ಗರಡಿಯಲ್ಲಿ ಬೆಳೆದವರು. ಅಲ್ಲಿ ಕಾನೂನು ಒಂದೇ: ಮೊದಲ ಪೆಟ್ಟು ಜೋರಾಗಿ, ಸರಿಯಾಗಿ ಬೀಳಲಿ, ಆಮೇಲೆ ಏನಾದರೂ ಮಾಡಿಕೋ. ನಮ್ಮ ತಾಳದ ಸಮ ಇದ್ದ ಹಾಗೆ.

‘ಫಂಕಿ ಬ್ರಾಡ್‌ವೇ’ ಬೇಗ ಕೈಗೆ ಬಂತು. ಡೈಕ್ ಅಂಡ್ ದ ಬ್ಲೇಜರ್ಸ್ ಹಾಡಿದ್ದು. ಬಫಲೊ ಊರಿನಿಂದ ಬಂದವರು, ಟೂರ್ ನಡುವೆ ಅರಿಜೋನಾದ ಫೀನಿಕ್ಸ್‌ನಲ್ಲಿ ದುಡ್ಡಿಲ್ಲದೆ ಉಳಿದುಬಿಟ್ಟರು. ಬ್ರಾಡ್‌ವೇ ಅಂದರೆ ನ್ಯೂಯಾರ್ಕೇ ಆಗಬೇಕಿಲ್ಲ, ನಮ್ಮ ಎಂ.ಜಿ. ರೋಡ್ ಥರ ಅಮೆರಿಕದ ಊರೂರಲ್ಲೂ ಒಂದಿದೆ. 1967ರಲ್ಲೇ ವಿಲ್ಸನ್ ಪಿಕೆಟ್ ಹಾಡಿ ಅದನ್ನು ಇನ್ನೂ ದೊಡ್ಡದು ಮಾಡಿದರು. ನನಗೆ ಮೂಲದ ಒರಟುತನವೇ ಇಷ್ಟ.

ಜೊಹಾನ್ಸ್‌ಬರ್ಗ್ ಬೇರೆ ಥರದ್ದು. ಗಿಲ್ ಸ್ಕಾಟ್-ಹೆರನ್ ಮತ್ತು ಬ್ರಯನ್ ಜಾಕ್ಸನ್ 1975ರಲ್ಲಿ ಮಾಡಿದ ‘ಜೊಹಾನ್ಸ್‌ಬರ್ಗ್’, ಅಮೆರಿಕದಲ್ಲಿ ಕೂತು ದಕ್ಷಿಣ ಆಫ್ರಿಕಾದ ಸುದ್ದಿ ಕೇಳುವ ಹಾಡು. ಏನಣ್ಣ, ಅಲ್ಲಿಂದ ಏನಾದರೂ ಸುದ್ದಿ ಬಂತಾ ಅಂತ ಮತ್ತೆ ಮತ್ತೆ ಕೇಳುತ್ತಾರೆ. ವರ್ಣಭೇದದ ಆಡಳಿತ ಅಲ್ಲಿ ಇನ್ನೂ ಗಟ್ಟಿಯಾಗಿತ್ತು. ಆ ಊರಿಗೆ ಅಂಟಿಕೊಂಡ ಸೊವೆಟೊದಲ್ಲಿ ಶಾಲಾ ಮಕ್ಕಳು ಬೀದಿಗಿಳಿದದ್ದು 1976ರ ಜೂನ್‌ನಲ್ಲಿ, ಅಂದರೆ ಈ ಹಾಡು ಬಂದ ಮೇಲೆ. ಇಲ್ಲಿ ಊರು ತಾಳದಲ್ಲಿಲ್ಲ, ಪ್ರಶ್ನೆಯಲ್ಲಿದೆ. ಅದಕ್ಕೇ ನಾನು ಇಲ್ಲಿ ಟಕ್ ಸದ್ದುಗಳನ್ನೆಲ್ಲ ತೆಗೆದು ಸ್ವರಗಳನ್ನು ಉದ್ದಕ್ಕೆ ಬಿಡುತ್ತೇನೆ. ಪ್ರಶ್ನೆ ಬಂದಾಗ ಬೇಸ್ ದನಿ ಇಳಿಸುತ್ತೇನೆ. ಕೇಳುಗರು ಊರಿನ ಹೆಸರನ್ನು ತಾವೇ ಕೂಗುತ್ತಾರೆ.

ನೈಜೀರಿಯಾದ ಲಾಗೋಸ್‌ನ ಫೆಲಾ ಕುಟಿ ಅವರ ‘ಎಕೊ ಇಲೆ’ (ಎಕೊ ಅಂದರೆ ಲಾಗೋಸೇ) ಫಂಕ್ ಅಲ್ಲ, ಫೆಲಾ ಕಟ್ಟಿದ ಆಫ್ರೊಬೀಟ್ ಅಂತ ಜಗಳಕ್ಕೆ ಬರುವವರಿದ್ದಾರೆ. ಬರಲಿ, ಎರಡೂ ದಾಯಾದಿಗಳೇ. ಅದರಲ್ಲಿ ಡ್ರಮ್ಸ್ ನುಡಿಸಿದ ಟೋನಿ ಅಲೆನ್ ಅವರ ಎರಡು ಕೈ, ಎರಡು ಕಾಲು ನಾಲ್ಕು ದಾರಿ ಹಿಡಿಯುತ್ತವೆ. ಓಕ್‌ಲೆಂಡ್ ಸುಲಭ ಅಂದಿದ್ದ ನಮ್ಮ ಡ್ರಮ್ಮರ್ ಇಲ್ಲಿ ಬೆವರಿದ. ಇನ್ನೂ ವೇದಿಕೆಗೆ ತಂದಿಲ್ಲ.

ಸದ್ಯಕ್ಕೆ ಅಮೆರಿಕದ ಮಿನಿಯಾಪೊಲಿಸ್ ಹಿಡಿದಿದ್ದೇವೆ, ಪ್ರಿನ್ಸ್ ಅವರ 1980ರ ‘ಅಪ್‌ಟೌನ್’. ಅಪ್‌ಟೌನ್ ಆ ಊರಿನ ಒಂದು ಬಡಾವಣೆ. ಆ ಊರಿನ ಫಂಕ್‌ನಲ್ಲಿ ಹಾರ್ನ್ ಮಾಡುವ ಕೆಲಸವನ್ನು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮಾಡುತ್ತದೆ. ಹಾರ್ನ್ ನುಡಿಸುವವರು ನಮ್ಮಲ್ಲಿ ಯಾರೂ ಇಲ್ಲ, ಅಷ್ಟರಮಟ್ಟಿಗೆ ಅನುಕೂಲ. ಕೀಬೋರ್ಡಿನವನು ಈಗ ಹಾಡೆಲ್ಲಿದೆ ಅಂತ ಕೇಳುತ್ತಿಲ್ಲ.