ಸಂಜೆ ಐದರ ಬಾಯಿ ಚಪಲ: ಬೇಕರಿ ಕಡೆ ಹೊರಟ ಕಾಲನ್ನು ಅಡುಗೆಮನೆಗೆ ತಿರುಗಿಸುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನಲ್ಲಿ ಸಂಜೆಯ ಹೊತ್ತಿಗೆ ಬಾಯಿ ಏನಾದರೂ ಬಿಸಿಬಿಸಿ, ಗರಿಗರಿ ಬೇಡುತ್ತದೆ. ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್ ದಾಟಿ ಮನೆಗೆ ಹೊರಟವರಿಗೆ ದಾರಿಯುದ್ದಕ್ಕೂ ಬೇಕರಿ, ಬಜ್ಜಿ ಗಾಡಿಗಳು ಎದುರಾಗುತ್ತವೆ. ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದ ಮೇಲೆ ಫೋನ್ ತೆಗೆದು ಸ್ಕ್ಯಾನ್ ಮಾಡಲು ಎಷ್ಟು ಹೊತ್ತು ಬೇಕು? ಹಸಿವಾಗಿದೆಯೇ ಎಂದು ಕೇಳಿಕೊಳ್ಳುವ ಮೊದಲೇ ಪೊಟ್ಟಣ ಕೈಗೆ ಬಂದಿರುತ್ತದೆ.

ಚಪಲವನ್ನು ಬೈದು ಓಡಿಸಲು ಆಗುವುದಿಲ್ಲ. ಆದರೆ ಅದು ಬರುವ ಹೊತ್ತನ್ನೂ ಜಾಗವನ್ನೂ ಮೊದಲೇ ತಿಳಿಯಬಹುದು. ಬರುವ ಮುಂಚೆಯೇ ಅದಕ್ಕೊಂದು ಉತ್ತರ ಸಿದ್ಧವಾಗಿದ್ದರೆ ಜಗಳವೇ ಇಲ್ಲ. ನಮ್ಮ ಅಡುಗೆಮನೆಗಳಲ್ಲಿ ಅಂಥ ಉತ್ತರಗಳು ಬೇಕಾದಷ್ಟಿವೆ ಎಂಬ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಾರ ಬರೆದಿಡಿ

ಏನನ್ನೂ ಬಿಡಬೇಡಿ, ಬದಲಾಯಿಸಬೇಡಿ. ಊಟದ ಹೊರತಾಗಿ ತಿಂದದ್ದನ್ನು ಮಾತ್ರ ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಏನು, ಯಾರ ಜತೆ, ಎಷ್ಟು ದುಡ್ಡು. ದುಡ್ಡಿನ ಲೆಕ್ಕ ನೆನಪಿಡಬೇಕಾಗಿಯೂ ಇಲ್ಲ, ಫೋನಿನ ಪಾವತಿ ಪಟ್ಟಿಯಲ್ಲಿ ಎಲ್ಲ ಇರುತ್ತದೆ. ವಾರದ ಕೊನೆಗೆ ನೋಡಿದರೆ ನಿಮ್ಮದೇ ಒಂದು ಜಾಡು ಕಾಣುತ್ತದೆ. ಕೆಲವರಿಗೆ ಬಸ್ಸು ಕಾಯುವ ಹೊತ್ತು, ಕೆಲವರಿಗೆ ಮಕ್ಕಳು ಮಲಗಿದ ಮೇಲಿನ ಟಿ.ವಿ. ಹೊತ್ತು, ಇನ್ನು ಕೆಲವರಿಗೆ ಯಾರೊಡನೆಯೋ ಮಾತು ಬೆಳೆದ ದಿನ. ಸರಿಯಾಗಿ ನಿದ್ದೆ ಮಾಡದ ಮರುದಿನ ಬಾಯಿ ಹೆಚ್ಚು ಬೇಡುವುದೂ ಉಂಟು.

ಹಸಿವು ಮತ್ತು ಚಪಲವನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಈಗ ಯಾರಾದರೂ ಬರೀ ಅನ್ನ, ತಿಳಿಸಾರು ಬಡಿಸಿದರೆ ಉಣ್ಣುತ್ತೇನೆಯೇ? ಉಣ್ಣುತ್ತೇನೆ ಅನಿಸಿದರೆ ಅದು ಹಸಿವು, ಕೂತು ಉಣ್ಣಿ. ಅನ್ನ ಬೇಡ, ಆ ಅಂಗಡಿಯ ಪಫ್ಸೇ ಆಗಬೇಕು ಅನಿಸಿದರೆ ಅದು ಚಪಲ.

ಸಂಜೆಯ ಚಪಲಕ್ಕೆ ಮಧ್ಯಾಹ್ನದ ತಟ್ಟೆಯಲ್ಲೇ ಮದ್ದು

ನಮ್ಮ ಕಡೆಯ ಊಟದಲ್ಲಿ ಅನ್ನದ್ದೇ ದೊಡ್ಡ ಪಾಲು. ಅನ್ನ, ನೀರು ಸಾರು, ಉಪ್ಪಿನಕಾಯಿ ಇಷ್ಟರಲ್ಲೇ ಮುಗಿದರೆ ನಾಲ್ಕು ಗಂಟೆಗೆ ಹೊಟ್ಟೆ ಖಾಲಿ ಅನಿಸಿದರೆ ಆಶ್ಚರ್ಯವಿಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಹೆಸರುಕಾಳು ಉಸಲಿ, ಹುರುಳಿ ಸಾರು, ಪಲ್ಯ ಸೇರಿಸಿ. ತಿನ್ನುವವರಾದರೆ ಮೊಟ್ಟೆ, ಮೀನು. ಪ್ರೋಟೀನು, ನಾರು ಇರುವ ಊಟ ಹೆಚ್ಚು ಹೊತ್ತು ತಡೆಯುತ್ತದೆ. ಡಯಟ್ ಎಂದು ಮಧ್ಯಾಹ್ನದ ಊಟವನ್ನೇ ಬಿಟ್ಟವರು ಸಂಜೆ ಬೇಕರಿ ಮುಂದೆ ನಿಲ್ಲುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಚಪಲ ಬಂದಾಗ ಹದಿನೈದು ನಿಮಿಷ

ಕುಡಿತ, ಧೂಮಪಾನದಂಥ ಚಟ ಬಿಡಿಸುವ ಕೆಲಸದಲ್ಲಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಆಸೆ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ಜತೆ ಗುದ್ದಾಡದೆ, ಅದಕ್ಕೆ ಮಣಿಯದೆ, ಇಳಿಯುವ ತನಕ ಸುಮ್ಮನೆ ಗಮನಿಸಿ ಎಂದರು. ತಿಂಡಿಯ ಚಪಲಕ್ಕೂ ಇದು ಒದಗುತ್ತದೆ. ಒಂದು ಲೋಟ ನೀರು ಕುಡಿಯಿರಿ. ಬಾಯಲ್ಲಿ ನೀರೂರುತ್ತಿದೆಯೇ, ಕೈ ಚಡಪಡಿಸುತ್ತಿದೆಯೇ ನೋಡಿಕೊಳ್ಳಿ. ‘ಬೇಡ’ ಎಂದು ಹೇಳಿಕೊಳ್ಳುವ ಬದಲು ‘ಹದಿನೈದು ನಿಮಿಷ ಬಿಟ್ಟು ನೋಡೋಣ’ ಎನ್ನಿ. ಆ ಮೇಲೂ ಬೇಕೆನಿಸಿದರೆ ತಿನ್ನಿ. ಆಗ ತಿನ್ನುವುದು ನೀವೇ ಯೋಚಿಸಿ ಮಾಡಿದ ತೀರ್ಮಾನವಾಗುತ್ತದೆ.

ನಾಲಿಗೆ ಕೇಳುತ್ತಿರುವುದು ಯಾವ ರುಚಿ?

ನನಗೆ ಅತಿ ಮುಖ್ಯ ಅನಿಸುವ ಹಂತ ಇದು. ಚಿಪ್ಸ್ ಬೇಕು ಎನ್ನುವಾಗ ನಾಲಿಗೆ ಕೇಳುವುದು ಬಹುಪಾಲು ಗರಿಗರಿ ಮತ್ತು ಉಪ್ಪು. ಗೋಬಿ ಮಂಚೂರಿ ಬೇಕು ಎನ್ನುವಾಗ ಖಾರ, ಹುಳಿ, ಬಿಸಿ. ಕೇಳಿದ್ದು ಯಾವುದೆಂದು ಗೊತ್ತಾದರೆ ಅದನ್ನೇ ಬೇರೆ ರೂಪದಲ್ಲಿ ಕೊಡಬಹುದು.

ಗರಿಗರಿ ಬೇಕಾದರೆ ಹಲಸಿನ ಹಪ್ಪಳ. ಕರಿಯಬೇಡಿ, ಕೆಂಡದ ಮೇಲೋ ಗ್ಯಾಸ್ ಉರಿಯಲ್ಲೋ ಸುಟ್ಟು, ಎರಡು ಚೂರು ತೆಂಗಿನಕಾಯಿ ಜತೆ ತಿನ್ನಿ. ಹುರಿದ ಹಲಸಿನ ಬೀಜ ಆದೀತು. ಮಂಡಕ್ಕಿಗೆ ಈರುಳ್ಳಿ, ಸೌತೆಕಾಯಿ, ಹುರಿದ ಶೇಂಗಾ, ನಿಂಬೆರಸ ಹಾಕಿ ಕಲಸಿದರೂ ಆದೀತು. ಬಿಸಿ ಬೇಕಾದರೆ ಕೊತ್ತಂಬರಿ, ಜೀರಿಗೆ ಕಷಾಯ, ಇಲ್ಲವೇ ಒಂದು ಬಟ್ಟಲು ಹುರುಳಿ ಸಾರು. ಸಿಹಿಗೆ ಏಲಕ್ಕಿ ಬಾಳೆಹಣ್ಣು.

ಹುಳಿ, ಖಾರಕ್ಕೆ ಅಪ್ಪೆಹುಳಿ ಇದೆ, ತಂಬುಳಿಯಂತೂ ಇದ್ದೇ ಇದೆ. ಗದ್ದೆ ಅಂಚಿನ ಒಂದೆಲಗ ಒಂದು ಹಿಡಿ ತಂದು ಚೆನ್ನಾಗಿ ತೊಳೆಯಿರಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕಾರು ಕಾಳುಮೆಣಸು ಹುರಿದು, ಅದರಲ್ಲೇ ಎಲೆ ಬಾಡಿಸಿ. ಆರಿದ ಮೇಲೆ ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ. ಕುದಿಸುವ ಕೆಲಸವಿಲ್ಲ. ಒಂದೆಲಗ ಸಿಗದ ಪೇಟೆಯವರು ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿಕೊಂಡರೆ ಅದರದ್ದೇ ತಂಬುಳಿ ಮಾಡಬಹುದು. ಸಂಜೆ ಒಂದು ಲೋಟ ಇದನ್ನು ಕುಡಿದು ನೋಡಿ, ನಾಲಿಗೆಗೆ ಕೆಲಸ ಸಿಕ್ಕ ತೃಪ್ತಿ ಇರುತ್ತದೆ.

ಮನೆಯದೆಂದ ಮಾತ್ರಕ್ಕೆ ಎಲ್ಲವೂ ಲೆಕ್ಕವಿಲ್ಲದೆ ತಿನ್ನುವಂಥದ್ದಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳಕ್ಕೆ ಸೋಲದವರಿಲ್ಲ, ಆದರೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಪ್ಪಳ, ಮಿಡಿ, ಸಾರು ಎಲ್ಲದರ ಉಪ್ಪೂ ಅದರಲ್ಲೇ ಸೇರಬೇಕು.

ಅಂಗಡಿಯಲ್ಲಿ ಕೈ ತಡೆಯುವುದು

ಮನೆಗೆ ಬಂದ ಪೊಟ್ಟಣ ಖಾಲಿಯಾಗಿಯೇ ಆಗುತ್ತದೆ. ಹಾಗಾಗಿ ತಡೆಯಬೇಕಾದ ಜಾಗ ಅಂಗಡಿ. ಊಟ ಮಾಡಿ, ಚೀಟಿ ಬರೆದುಕೊಂಡು ಸಾಮಾನಿಗೆ ಹೋಗಿ. ಬಿಲ್ ಹಾಕುವ ಕೌಂಟರ್ ಪಕ್ಕ ಜೋಡಿಸಿಟ್ಟ ಚಾಕೊಲೇಟು, ಕುರುಕಲು ಚೀಟಿಯಲ್ಲಿ ಇರಲಿಲ್ಲವೆಂದರೆ ಅದು ಇವತ್ತಿಗೆ ಬೇಡ, ಮುಂದಿನ ವಾರದ ಚೀಟಿಗೆ ಬರೆಯಿರಿ. ಊಟ ತರಿಸುವ ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ, ಆಫರ್ ಸಂದೇಶ ಬರದ ಹಾಗೆ ಮಾಡಿ.

ಪೊಟ್ಟಣದ ಹಿಂಬದಿ ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಸಕ್ಕರೆ ಎರಡನೆಯ ಹೆಸರಾಗಿದ್ದರೆ ತೂಕದಲ್ಲೂ ಎರಡನೆಯದು ಅದೇ. 100 ಗ್ರಾಂನಲ್ಲಿ 30 ಗ್ರಾಂ ಸಕ್ಕರೆ ಎಂದಿದ್ದು, ನೀವು 60 ಗ್ರಾಂ ಬಿಸ್ಕತ್ತು ತಿಂದರೆ ಒಳಗೆ ಹೋದದ್ದು 18 ಗ್ರಾಂ, ಚಮಚದ ಲೆಕ್ಕದಲ್ಲಿ ನಾಲ್ಕಕ್ಕೂ ಮೇಲು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಕಾಫಿಯ ಸಕ್ಕರೆ, ಕಷಾಯದ ಬೆಲ್ಲ, ಜೇನುತುಪ್ಪ ಎಲ್ಲ ಅದರೊಳಗೇ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಇನ್ನೆರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರನ್ನು ಸರಿಸಮ ಹೊಂದಿಸಿದ್ದರು, ಬೇಕಾದಷ್ಟು ತಿನ್ನಿ ಎಂದಿದ್ದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು, ತೂಕವೂ ಏರಿತ್ತು. ಅಂದ ಮೇಲೆ, ಪೊಟ್ಟಣ ಬಿಚ್ಚಿದ ಮೇಲೆ ನಿಲ್ಲಿಸಲಾಗದವರು ತಮ್ಮ ಮನೋಬಲ ಸಾಲದೆಂದು ಕೊರಗಬೇಕಿಲ್ಲ.

ತಿನ್ನುವಾಗ ತಿನ್ನುವುದೊಂದೇ ಕೆಲಸ

ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುಮಾಡಿದ ಒತ್ತಡ ನಿವಾರಣೆ ತರಗತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನಕ್ಕೆ ಅಗಿದು ತಿನ್ನುವ ಪಾಠವಿದೆ. ನಾವು ಹಲಸಿನ ತೊಳೆಯಲ್ಲಿ ಮಾಡೋಣ. ಬಣ್ಣ ನೋಡಿ, ಪರಿಮಳ ಎಳೆದುಕೊಳ್ಳಿ, ಒಂದು ತುಣುಕು ಬಾಯಿಗಿಟ್ಟು ರುಚಿ ಇಳಿಯುವ ತನಕ ಅಗಿಯಿರಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕಾಗುತ್ತದೆ, ಗಬಗಬ ತಿಂದರೆ ಅಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಒಳಗೆ ಹೋಗಿರುತ್ತದೆ.

ಬಜ್ಜಿಗೂ ಇದೇ ನಿಯಮ. ಮಳೆ ಸುರಿಯುವಾಗ ಮನೆಮಂದಿಯೆಲ್ಲ ಕೂತು ಬಜ್ಜಿ ತಿನ್ನುವ ಸುಖವನ್ನು ಬಿಡಿ ಎಂದು ನಾನು ಹೇಳಲಾರೆ. ವಾರಕ್ಕೊಂದು ದಿನ ಗೊತ್ತುಮಾಡಿ, ತಟ್ಟೆಗೆ ಹಾಕಿಕೊಂಡು, ಫೋನ್ ಬದಿಗಿಟ್ಟು ತಿನ್ನಿ. ಕಾಗದದ ಪೊಟ್ಟಣದಿಂದ ನಿಂತಲ್ಲೇ ತಿಂದರೆ ಎಷ್ಟು ತಿಂದೆವೆಂಬುದೇ ತಿಳಿಯುವುದಿಲ್ಲ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಮಕ್ಕಳಿಗೆ ಬಹುಮಾನವಾಗಿ ಚಾಕೊಲೇಟು ಕೊಡುವುದನ್ನೂ, ಶಿಕ್ಷೆಯಾಗಿ ತಿಂಡಿ ತಪ್ಪಿಸುವುದನ್ನೂ ನಿಲ್ಲಿಸಿ.

ಇವು ಚಪಲವಲ್ಲ, ವೈದ್ಯರಿಗೆ ತೋರಿಸಿ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಹಸಿವು, ನಡುಕ, ಬೆವರು ಬಂದರೆ ಹದಿನೈದು ನಿಮಿಷ ಕಾಯಬಾರದು. ರಕ್ತದ ಸಕ್ಕರೆ ಇಳಿದಿರಬಹುದು, ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕೆನಿಸುವುದು ಕಬ್ಬಿಣಾಂಶದ ಕೊರತೆಯಲ್ಲಿ ಕಾಣಿಸುವ ಲಕ್ಷಣ. ಬಸುರಿಯರಲ್ಲಿ, ಹರೆಯದ ಹುಡುಗಿಯರಲ್ಲಿ ಇದನ್ನು ಬಯಕೆ ಎಂದೋ ಕೆಟ್ಟ ಚಾಳಿ ಎಂದೋ ಬಿಟ್ಟುಬಿಡುತ್ತೇವೆ. ಹಾಗೆ ಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಯಾರೂ ಇಲ್ಲದಾಗ ಬಚ್ಚಿಟ್ಟು ತಿನ್ನುವುದು, ಹೊಟ್ಟೆ ನೋಯುವಷ್ಟು ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವುದು ಪದೇ ಪದೇ ಆಗುತ್ತಿದ್ದರೆ ಮನೋವೈದ್ಯರ ನೆರವು ಬೇಕು. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ದೂರದ ಹಳ್ಳಿಯವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.