ಕನ್ನಡಕದ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ

ಕನ್ನಡಕದ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ ಹೊಸಬರು ಸಾಮಾನ್ಯವಾಗಿ ಫ್ರೇಮುಗಳ ಬ್ರ್ಯಾಂಡು, ಬೆಲೆ, ಆಫರ್‌ಗಳನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ಅವೆಲ್ಲ ಕೌಂಟರಿನಲ್ಲಿ ನಿಂತಂತೆ ತಾವಾಗಿಯೇ ಬರುತ್ತವೆ. ಮೊದಲು ಕಲಿಯಬೇಕಾದದ್ದು ಕಣ್ಣಿನ ಚೀಟಿಯನ್ನು ಓದಿ, ಆರ್ಡರ್ ಫಾರಮ್ಮಿಗೆ ತಪ್ಪಿಲ್ಲದೆ ಇಳಿಸುವುದನ್ನು.

ಚೀಟಿಯಲ್ಲಿ ‘ಓ.ಡಿ.’ ಎಂದರೆ ಬಲಗಣ್ಣು, ‘ಓ.ಎಸ್.’ ಎಂದರೆ ಎಡಗಣ್ಣು. ಪವರ್ ಸಾಮಾನ್ಯವಾಗಿ 0.25ರಂತೆ ಏರುವುದರಿಂದ 1.35 ಎಂದು ಕಂಡರೆ ಅಕ್ಷರ ಓದಿದ್ದರಲ್ಲೇ ಎಡವಟ್ಟಾಗಿದೆ ಎಂದು ತಿಳಿಯಬೇಕು. ಸಿಲಿಂಡರ್ ಪವರ್ (ಒಂದು ದಿಕ್ಕಿನಲ್ಲಷ್ಟೇ ಕೆಲಸ ಮಾಡುವ ಪವರ್) ಇದ್ದಲ್ಲಿ ಆಕ್ಸಿಸ್, ಅಂದರೆ ಅದನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ಹೇಳುವ ಡಿಗ್ರಿ, ಇರಲೇಬೇಕು, ಮತ್ತು ಅದು 180ನ್ನು ಮೀರುವುದಿಲ್ಲ. ‘ಆಡ್’ ಎಂಬುದು ಹೆಚ್ಚಾಗಿ 40 ದಾಟಿದವರಿಗೆ ಓದಲೆಂದು ದೂರದ ಪವರಿಗೆ ಕೂಡಿಸುವ ಪವರ್. ಪ್ಲಸ್, ಮೈನಸ್ ಚಿಹ್ನೆಯನ್ನು ಬರೆದ ಮೇಲೆ ಇನ್ನೊಮ್ಮೆ ಚೀಟಿಯೊಂದಿಗೆ ತಾಳೆ ನೋಡಿ. ಸಂಶಯವಿದ್ದರೆ ಊಹಿಸದೆ ಕಣ್ಣು ಪರೀಕ್ಷಿಸುವ ಅಂಗಡಿಯ ಆಪ್ಟೊಮೆಟ್ರಿಸ್ಟರನ್ನು ಕೇಳಿ. ಪವರ್ ಬದಲಿಸುವ ಸಲಹೆ ಕೊಡುವುದು ಅವರ ಕೆಲಸವೇ ಹೊರತು ನಿಮ್ಮದಲ್ಲ.

ಎರಡು ಕಣ್ಣುಪಾಪೆಗಳ ನಡುವಿನ ಅಂತರಕ್ಕೆ ಪಿ.ಡಿ. ಎನ್ನುತ್ತಾರೆ. ಅದನ್ನು ಅಳೆಯುವ ಯಂತ್ರವಿಲ್ಲದಿದ್ದರೆ ಗಿರಾಕಿಯ ಎದುರು ಸಮ ಎತ್ತರದಲ್ಲಿ ಕುಳಿತು, ನಿಮ್ಮ ಎಡಗಣ್ಣನ್ನೇ ನೋಡಲು ಹೇಳಿ ಸ್ಕೇಲಿನ ಸೊನ್ನೆಯನ್ನು ಅವರ ಬಲಪಾಪೆಯ ನಡುವಿಗೆ ಹಿಡಿಯಿರಿ. ಬಳಿಕ ಸ್ಕೇಲು ಕದಲದಂತೆ, ನಿಮ್ಮ ಬಲಗಣ್ಣನ್ನು ನೋಡಲು ಹೇಳಿ ಅವರ ಎಡಪಾಪೆಯ ನಡುವೆ ಬೀಳುವ ಅಂಕಿಯನ್ನು ಓದಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಲೆನ್ಸಿಗಾದರೆ ಒಂದೊಂದು ಕಣ್ಣಿನ ಅಳತೆಯನ್ನೂ ಬೇರೆಯಾಗಿ ಬರೆಯಬೇಕು.

ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ 52, 18, 140 ಎಂಬಂಥ ಅಂಕಿಗಳಿರುತ್ತವೆ: ಲೆನ್ಸಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲೆರಡನ್ನು ಕೂಡಿದರೆ 70. ಗಿರಾಕಿಯ ಪಿ.ಡಿ. 62 ಆಗಿದ್ದರೆ ಲೆನ್ಸಿನ ಕೇಂದ್ರವನ್ನು ಒಂದೊಂದು ಬದಿಯಲ್ಲೂ 4 ಮಿ.ಮೀ. ಮೂಗಿನ ಕಡೆಗೆ ಸರಿಸಬೇಕಾಗುತ್ತದೆ. ಮೈನಸ್ ಪವರ್ ಹೆಚ್ಚಿದ್ದರೆ, ಹೀಗೆ ಸರಿಸಿದಷ್ಟೂ ಹೊರ ಅಂಚು ದಪ್ಪಗೆ ಕಾಣುತ್ತದೆ. ಅಂಥವರಿಗೆ ಲೆನ್ಸಿನ ಅಗಲ 48, ಸೇತುವೆ ಅದೇ 18 ಇರುವ ಫ್ರೇಮು ತೋರಿಸಿದರೆ ಸರಿಸುವುದು 2 ಮಿ.ಮೀ. ಮಾತ್ರ. ಹಾಕಿಕೊಂಡ ಪ್ರತಿ ಫ್ರೇಮಿಗೂ ‘ಸೂಪರ್ ಆಗಿದೆ ಸಾರ್’ ಎನ್ನುವವರಿಗಿಂತ ಈ ಲೆಕ್ಕ ಹೇಳಬಲ್ಲವರ ಮಾತನ್ನು ಗಿರಾಕಿಗಳು ನಂಬುತ್ತಾರೆ.

ಸಿದ್ಧವಾದ ಕನ್ನಡಕವನ್ನು ಕೊಡುವ ಮುನ್ನ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ಅಲುಗಾಡುತ್ತದೆಯೇ ನೋಡಿ. ಮುಖದ ಮೇಲೆ ಬಲ ಲೆನ್ಸು ಎತ್ತರಕ್ಕೆ ಕುಳಿತರೆ ಬಲಗಡ್ಡಿಯನ್ನೇ ಕೀಲಿನ ಬಳಿ ತುಸು ಮೇಲಕ್ಕೆ ಬಗ್ಗಿಸಬೇಕು. ಹೊಸಬರ ಕೈ ಬಹುತೇಕ ಕೆಳಕ್ಕೇ ಹೋಗುತ್ತದೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫ್ರೇಮನ್ನು ಹೀಟರಿನಲ್ಲಿ ಬಿಸಿ ಮಾಡದೆ ಬಗ್ಗಿಸಿದರೆ ಮುರಿಯಬಹುದು. ಲೆನ್ಸನ್ನು ಸೆರಗಿನಲ್ಲೋ ಅಂಗಿಯಲ್ಲೋ ಒರೆಸಬಾರದು, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಕೋಟಿಂಗ್ ಬಿರುಕು ಬಿಡಬಹುದು ಎಂಬುದನ್ನು ಬಿಲ್ ಕೊಡುವಾಗಲೇ ತಿಳಿಸಿ.