ಕೊನೆಗೂ ನಂಬುವಂತಾದ ನನ್ನ ನಕಲಿ ರಕ್ತ

ಮೊದಲ ಹ್ಯಾಲೋವೀನ್ ಪಾರ್ಟಿಗೆ ನಾನು ಮಾಡಿದ ರಕ್ತ ನೋಡಿ "ಮುಖಕ್ಕೆ ಜಾಮ್ ಯಾಕೆ ಬಳ್ಕೊಂಡಿದ್ದೀಯಾ?" ಅಂದರು. ಮರುವರ್ಷದ್ದು ಗುಲಾಬಿ ಶರಬತ್ತಿನಂತಿತ್ತು. "ಸುಮ್ನೆ ಒಂದು ಬಾಟಲಿ ಕೊಂಡುಬಿಡೋ" ಎಂದು ಗೆಳೆಯನೊಬ್ಬ ಬುದ್ಧಿ ಹೇಳಿದ. ಈ ಸಲ ಅವನೇ ನನ್ನ ತೋಳು ಹಿಡಿದು "ಎಲ್ಲಿ ಕುಯ್ದುಕೊಂಡೆ?" ಎಂದು ಗಾಬರಿಯಾದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಪ್ಪೆಲ್ಲಾ ಬಣ್ಣದ ಹಿಂದೆ ಬಿದ್ದದ್ದು. ಕಾರ್ನ್ ಸಿರಪ್‌ಗೆ, ಅಂದರೆ ಮೆಕ್ಕೆಜೋಳದ ಗಟ್ಟಿ ಸಿಹಿಪಾಕಕ್ಕೆ, ಅಡುಗೆಗೆ ಬಳಸುವ ಕೆಂಪು ಬಣ್ಣ ಸುರಿದೆ, ಸಾಲದೆಂದು ಇನ್ನೂ ಸುರಿದೆ. ದುಡ್ಡೆಲ್ಲ ಹೋದದ್ದು ಈ ಬಣ್ಣಕ್ಕೇ. ಆದರೂ ಗಾಜಿನಂತೆ ಆಚೆಬದಿ ಕಾಣುತ್ತಿತ್ತು. ರಕ್ತ ಹಾಗೆ ಕಾಣಿಸಲ್ಲ, ಅಲ್ವಾ? ಕೋಕೋ ಪುಡಿ ಹಾಕಿದ ದಿನ ಆಚೆಬದಿ ಕಾಣುವುದು ನಿಂತಿತು, ಬಣ್ಣದ ಖರ್ಚೂ ಅರ್ಧಕ್ಕಿಳಿಯಿತು.

ಈಗಿನ ಲೆಕ್ಕ ಸುಮಾರಾಗಿ ಹೀಗಿದೆ. ಎರಡು ಕಪ್ ಸಿರಪ್, ಅರ್ಧ ಕಪ್ ನೀರು, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಎರಡು ಸಣ್ಣ ಚಮಚ ಕೋಕೋ, ಮೂರು ಸಣ್ಣ ಚಮಚ ಕೆಂಪು, ಎರಡೇ ಎರಡು ಹನಿ ನೀಲಿ. ಮೂರನೇ ಹನಿ ಬಿದ್ದರೆ ನೇರಳೆ ಹಣ್ಣಿನ ರಸ ಆಗುತ್ತದೆ. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಕೋಕೋವನ್ನು ಮೊದಲು ಸ್ವಲ್ಪ ಬಿಸಿನೀರಲ್ಲಿ ಕಲಸದಿದ್ದರೆ ಗಂಟು ಗಂಟು. ಆ ಗಂಟುಗಳನ್ನೇ ಬೇಕಂತಲೇ ಹೆಪ್ಪುಗಟ್ಟಿದ ರಕ್ತವಾಗಿಸಲು ನಾನೊಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಂಗಡಿಯ ಒಂದು ಪುಟ್ಟ ಬಾಟಲಿಯ ದುಡ್ಡಿಗೆ ನನಗೆ ಅರ್ಧ ಲೀಟರಿಗಿಂತ ಹೆಚ್ಚೇ ಬಂತು. ಕೆಡಿಸಿದ ಒಂಬತ್ತೋ ಹತ್ತೋ ಪಾತ್ರೆಯ ಲೆಕ್ಕ ಇದರಲ್ಲಿ ಸೇರಿಲ್ಲ, ಕೇಳಬೇಡಿ.

ಬೀಟ್‌ರೂಟ್ ರಸವನ್ನೂ ನೋಡಿದೆ. ಚರ್ಮದ ಮೇಲೆ ಬರೀ ಗುಲಾಬಿ ಕಲೆ. ಒಣಗಿದ ಹಳೇ ಗಾಯದಂತೆ ಕಾಣಿಸಬೇಕಾದರೆ ಮಾತ್ರ ನಕಲಿ ರಕ್ತದ ಮೇಲೆ ಕಾಫಿ ಪುಡಿ ಚಿಮುಕಿಸಿದರೆ ಚೆನ್ನಾಗಿ ಕೂರುತ್ತದೆ.

ಗೊಂಬೆಗಳಿಗೆ, ಗೋಡೆಗೆ ನೇತುಹಾಕುವ ಕೈಕಾಲುಗಳಿಗೆ ಈ ಸಿಹಿ ರಕ್ತ ಬೇಡ. ಒಣಗುವುದೇ ಇಲ್ಲ, ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಅದಕ್ಕೆ ಬಿಳಿ ಅಂಟಿಗೆ ಕೆಂಪು ಅಕ್ರಿಲಿಕ್ ಬಣ್ಣ ಬೆರೆಸಿ ಸುರಿದರೆ ಸಾಕು, ಒಣಗಿದ ಮೇಲೂ ಹಸಿಯಾಗಿ ಹೊಳೆಯುತ್ತದೆ. ಒಮ್ಮೆ ಅವಸರಕ್ಕೆ ಥರ್ಮೋಕೋಲ್ ತಲೆಗೆ ಸ್ಪ್ರೇ ಪೇಂಟ್ ಹೊಡೆದೆ. ಕೆನ್ನೆ ಕರಗಿ ಒಳಗೆ ಕುಸಿಯಿತು. ತಲೆ ಹಿಡಿದು ಕೂತೆ. ಆಮೇಲೆ ಆ ಗುಂಡಿಗೇ ರಕ್ತ ತುಂಬಿಸಿದೆ, ಆ ವರ್ಷ ಎಲ್ಲರೂ ಫೋಟೋ ತೆಗೆದದ್ದು ಅದರದ್ದೇ!

ಪಾರ್ಟಿ ನಡೆಯುವ ದೀಪದ ಕೆಳಗೇ ಬಣ್ಣ ನೋಡಿ. ಅಡುಗೆಮನೆಯಲ್ಲಿ ಸರಿಯಾಗಿದ್ದದ್ದು ಹಳದಿ ಬಲ್ಬಿನಡಿ ಕಿತ್ತಳೆಗೆ ತಿರುಗಿತ್ತು. ಕಾರ್ನ್‌ಫ್ಲೋರ್ ಇರುವುದರಿಂದ ಫ್ರಿಜ್‌ನಲ್ಲಿಟ್ಟರೂ ಮೂರ್ನಾಲ್ಕು ದಿನಕ್ಕಿಂತ ನಾನು ಇಡುವುದಿಲ್ಲ.

ಬಟ್ಟೆಗೆ ಹಾಕುವುದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬೆರೆಸುತ್ತೇನೆ, ಕಲೆ ಕೊಂಚ ಬೇಗ ಬಿಡುತ್ತದೆ. ಬಾಯಿಯಿಂದ ಸುರಿಸುವ ರಕ್ತದ ಬಾಟಲಿ ಬೇರೆಯೇ, ಅದರ ಮೇಲೆ ದೊಡ್ಡದಾಗಿ ಬರೆದೂ ಇಡುತ್ತೇನೆ. ಆದರೂ ಕತ್ತಲಲ್ಲಿ ಒಬ್ಬ ಸೋಪಿನ ಬಾಟಲಿಯನ್ನೇ ಎತ್ತಿ ಬಾಯಿಗೆ ಸುರಿದುಕೊಂಡ. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಕೆಂಪು ನೊರೆ ಉಗುಳುತ್ತಿದ್ದವನು ಬೇರಾರೂ ಅಲ್ಲ, ಬಾಟಲಿ ಕೊಂಡುಬಿಡು ಎಂದಿದ್ದ ಅದೇ ಗೆಳೆಯ.